ಸೋಡಾ ಗಾಳಿ

ಹೊಸೂರು, 7 ಫೆಬ್ರವರಿ 1944

ಇವತ್ತೂ ಕಾರ್ಖಾನೆಯಲ್ಲಿ ಒಂದು ಹಂಡೆಗೆ ಎರಡು ಸಿಲಿಂಡರ್ ಇಂಗಾಲದ ಗಾಳಿ ಖಾಲಿ. ಬೆಂಗಳೂರಿನ ಲಾರಿ ವಾರಕ್ಕೆ ಒಂದೇ ಸಲ. ಉಳಿದದ್ದೆಲ್ಲ ಯುದ್ಧದ ಪಾಲು.

ಹರಳು ಹಿಂಡಿಯಲ್ಲಿ ಉಳಿದ ಎಣ್ಣೆ ಬಿಡಿಸಲು ಹಂಡೆಗೆ ಪೆಟ್ರೋಲು ಬಿಡಲೇಬೇಕು. ಅದಕ್ಕೆ ಮುಂಚೆ ಒಳಗಿನ ಗಾಳಿಯನ್ನು ಹೊರದೂಡಬೇಕು. ಆಮ್ಲಜನಕ ಉಳಿದರೆ ಒಂದು ಕಿಡಿ ಸಾಕು. ಹೋದ ವರ್ಷ ಸಿಡಿದ ಹಂಡೆಯ ತಗಡು ಇನ್ನೂ ಬೇಲಿಗೆ ಒರಗಿದೆ.

ನಾರಾಯಣಪ್ಪ ಮೇಸ್ತ್ರಿ ವಾಲ್ವನ್ನು ಪೂರ್ತಿ ತಿರುಗಿಸುತ್ತಾರೆ. ಬುಸ್ಸೆಂದು ನುಗ್ಗಿದ ಇಂಗಾಲದ ಗಾಳಿ ಹಳೆಯ ಗಾಳಿಯೊಂದಿಗೆ ಕಲಸಿಹೋಗುತ್ತದೆ. ಅರ್ಧ ಹಾಗೇ ಹೊರಗೆ. ಅದು ತೂಕದ ಗಾಳಿ — ತಳದಿಂದ ಮೆಲ್ಲಗೆ ಬಿಟ್ಟರೆ ನೀರಿನಂತೆ ಮಲಗಿ, ಹಗುರ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ. ಹೇಳಿದೆ.

ಮೇಸ್ತ್ರಿ ಸುಟ್ಟ ಮೊಣಕೈ ತೋರಿಸಿದರು. "ನೀನು ಓದ್ಕಂಡೋನು ಕಣಯ್ಯ. ನಾನು ಸುಟ್ಕಂಡೋನು."

ಎಲ್ಲರೂ ನಕ್ಕರು. ಧಣಿಗಳ ನಾಯಿ, ಈ ಮೇಸ್ತ್ರಿ.

12 ಫೆಬ್ರವರಿ

ಗೆದ್ದೆ. ಮ್ಯಾನೇಜರೇ ಅಪ್ಪಣೆ ಕೊಟ್ಟರು. ವಾಲ್ವು ಕಾಲು ಸುತ್ತು ಮಾತ್ರ. ನಲವತ್ತು ನಿಮಿಷ. ಹಬೆ ಹಾಯಿಸಿ ತೊಳೆದ ಹಂಡೆ, ಪೆಟ್ರೋಲಿನ ವಾಸನೆಯೂ ಇಲ್ಲ. ಮೇಲಿನ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದೆ — ಆರಿತು. ಇನ್ನೊಂದು — ಆರಿತು. ಒಂದೇ ಸಿಲಿಂಡರ್ ಸಾಕಾಯಿತು.

ಆಳುಗಳು ಹಿಂದೆ ಸರಿದರು. ಚಿಕ್ಕಮುನಿಯಪ್ಪ ಕರ್ಪೂರ ಹಚ್ಚಿದ. ರಾಯಕೋಟೆ ಕಡೆಯವನು, ನನ್ನಪ್ಪನ ವಯಸ್ಸು. ಊರಿನಲ್ಲಿ ನೆಲದಡಿ ರಾಗಿ ತುಂಬಿಟ್ಟ ಹಗೇವು ತೆಗೆಯುವಾಗ ಗುಂಡಿಗೆ ಇಳಿಯುತ್ತಿದ್ದವನು ಇವನೇ. ಮೊದಲ ದಿನ ಬಾಯಿ ತೆರೆದು ಬಿಡುವುದು, ಹೊಂಗೆ ಕೊಂಬೆ ಇಳಿಬಿಟ್ಟು ಆಡಿಸುವುದು, ಲಾಂದ್ರ ಇಳಿಸುವುದು. ಆಮೇಲೆ ಸೊಂಟಕ್ಕೆ ಹಗ್ಗ.

"ಹಗೇವಿನ ಬೂತ ಕಣ್ಲಾ ಇದು. ದೀಪ ಊದ್ಬುಡ್ತದೆ. ಇಲ್ಗೂ ಬಂದವ್ನೆ."

ಮೇಸ್ತ್ರಿಯೂ ಅವನ ಮಾತಿಗೇ ತಲೆಯಾಡಿಸುತ್ತಾರೆ. ಹಂಡೆಗೆ ಇಳಿಯುವ ಮುಂಚೆ ಒಂದು ದಿನ ಮುಚ್ಚಳ ತೆರೆದಿರಬೇಕು, ಹಗ್ಗ ಕಟ್ಟಬೇಕು ಎಂಬುದು ಅವರ ಕಟ್ಟಳೆ. ಭೂತಕ್ಕೂ ಧಣಿಗೂ ಒಟ್ಟಿಗೆ ಹೆದರುವ ಜನ. ಇವರಿಂದ ಕ್ರಾಂತಿ ಹೇಗೆ?

15 ಫೆಬ್ರವರಿ

ಊಟದ ಹೊತ್ತಿಗೆ ಆರು ಗೋಲಿಸೋಡಾ ತಂದೆ. ಎಲ್ಲರಿಗೂ ಕುಡಿಸಿದೆ. ಹಂಡೆಯಲ್ಲಿರುವುದೂ ಇದೇ ಗಾಳಿ, ಭೂತ ಈಗ ನಿಮ್ಮ ಹೊಟ್ಟೆಯಲ್ಲಿದೆ, ಏನು ಮಾಡಿತು ನೋಡೋಣ ಎಂದೆ.

ಚಿಕ್ಕಮುನಿಯಪ್ಪ ಉದ್ದಕ್ಕೆ ತೇಗಿದ. "ಹೊಂಟೋದ್ನಪ್ಪ ಬೂತ! ಮೂಗಲ್ಲಿ ಹೊಂಟೋದ!"

ಆಳುಗಳಲ್ಲಿ ಎಲ್ಲರಿಗಿಂತ ಚಿಕ್ಕವನು ಮುನಿಶಾಮಿ ನಕ್ಕು ನಕ್ಕು ಕೆಮ್ಮಿದ. ಚಿಕ್ಕಮುನಿಯಪ್ಪ ಅರ್ಧ ಸೀಸೆ ಉಳಿಸಿಕೊಂಡ, ಹೆಂಡತಿಗೆ. ಹೋಗುವಾಗ ಹೇಳಿದ: "ಕೇಸ್ವ, ಐವತ್ತು ವರ್ಸ ಹೆದ್ರುಕಂಡೇ ಕಳ್ದೆ ಕಣ್ಲಾ. ನೀನು ಬುಡುಸ್ದೆ."

ಕಾರ್ಮಿಕ ಸಂಘದ ಹತ್ತು ಕರಪತ್ರಗಳಲ್ಲಿ ಆಗದ್ದು ಆರು ಸೀಸೆಯಲ್ಲಿ ಆಯಿತು.

18 ಮಾರ್ಚ್

ಚಿಕ್ಕಮುನಿಯಪ್ಪ ಸತ್ತ. ಬೆಳಿಗ್ಗೆ ಹತ್ತೂವರೆ. ಹಂಡೆಯೊಳಗೆ.

ನಾನು ಅಂಚೆ ಕಚೇರಿಯಲ್ಲಿದ್ದೆ. ಕರಪತ್ರದ ಕಟ್ಟು ಬಂದಿತ್ತು.

19 ಮಾರ್ಚ್

ಮುನಿಶಾಮಿ ಹೇಳಿದ್ದು. ಹಿಂಡಿ ತುಂಬಿ, ಗಾಳಿ ತುಂಬಿ ಆಗಿತ್ತು. ಪೆಟ್ರೋಲು ಬಿಡುವ ಮುಂಚೆ ಮುಚ್ಚಳ ತೆಗೆದು ನೋಡಿದರೆ, ಹಿಂಡಿಯ ಒಂದು ಮೂಟೆ ಉರುಳಿ ಪೆಟ್ರೋಲಿನ ಕೊಳವೆಯ ಬಾಯಿಗೆ ಅಡ್ಡ ಬಿದ್ದಿದೆ. ಕೊನೆಯ ಸಿಲಿಂಡರ್, ಲಾರಿ ಬಂದಿಲ್ಲ. ಗಾಳಿ ಹೊರಬಿಟ್ಟರೆ ನಾಲ್ಕು ದಿನ ಕೆಲಸ ನಿಲ್ಲುತ್ತದೆ. ಮೇಸ್ತ್ರಿ ಆಫೀಸಿನಲ್ಲಿ.

"ಹಗ್ಗ ತಕ್ಕಳಣ್ಣ ಅಂದೆ. 'ಸೋಡಾಕ್ಕೆ ಯಾತಕ್ಕಲಾ ಹಗ್ಗ? ಓದ್ಕಂಡೋನೇ ಹೇಳವ್ನೆ' ಅಂದ. ಇಳ್ದ. ಮೂಟೆಗೆ ಕೈ ಹಾಕ್ದ. ಹಂಗೇ ಕೂತ್ಕಂಡ. ತಮಾಸೆ ಮಾಡ್ತಾವ್ನೆ ಅಂದ್ಕಂಡು ನಾನು ನಗ್ತಾ ಇದ್ದೆ ಕೇಶ್ವಣ್ಣ."

ಈ ಗಾಳಿ ಬೆಂಕಿ ಆರಿಸುತ್ತದೆ ಎಂದು ಓದಿದ್ದೆ. ಉಸಿರೂ ಒಂದು ಬಗೆಯ ಉರಿ ಎಂದೂ ಓದಿದ್ದೆ. ಎರಡು ಬೇರೆ ಬೇರೆ ಪುಸ್ತಕ.

ಮಧ್ಯಾಹ್ನ ಊಟ ಮಾಡಿದೆ. ಎಂದಿನಷ್ಟೇ.

22 ಮಾರ್ಚ್

ಸಂಘದ ಕಾರ್ಯದರ್ಶಿ ಪಾಪಯ್ಯ ಬಂದಿದ್ದ. ಕಣ್ಣು ಹೊಳೆಯುತ್ತಿತ್ತು. ಹಗ್ಗವಿಲ್ಲದೆ ಇಳಿಸಿದ್ದು ಮೇಸ್ತ್ರಿ ಎಂದು ಅರ್ಜಿ ಬರೆಯಬೇಕಂತೆ, ವಿಚಾರಣೆಗೆ ಸೇಲಂನಿಂದ ಇನ್‌ಸ್ಪೆಕ್ಟರ್ ಬರುತ್ತಾರಂತೆ. ಮ್ಯಾನೇಜರೂ ಅದನ್ನೇ ಹೇಳುತ್ತಿದ್ದಾರೆ — ಹಗ್ಗ ಮೇಸ್ತ್ರಿಯ ಜವಾಬ್ದಾರಿ ಎಂದು. ಎರಡು ಕಡೆಗೂ ಒಬ್ಬನೇ ಸಿಕ್ಕಿದ್ದಾನೆ. ಮೇಸ್ತ್ರಿಯ ಕೆಲಸ ಹೋಗುವುದು ಖಂಡಿತ. ಜೈಲೂ ಆಗಬಹುದು.

ಸೋಡಾದ ವಿಷಯ ಹೇಳಿದೆ.

"ಅದನ್ನ ಯಾರ್ ಕೇಳಿದ್ರು ನಿನ್ನ? ಮುನಿಶಾಮಿ ಬಾಯಿ ನಾನ್ ನೋಡ್ಕತೀನಿ. ನೀನು ಬರಿ."

ಬರೆದೆ. ಒಂದು ಪುಟ. ಅಕ್ಷರ ದುಂಡಗೆ ಬಂದಿದೆ. ಒಂದು ಕಡೆಯೂ ತಿದ್ದಿಲ್ಲ.

25 ಮಾರ್ಚ್, ಸಂಜೆ

ಹೆಬ್ಬೆಟ್ಟು ಒತ್ತಿಸಲು ಭದ್ರಮ್ಮನ ಮನೆಗೆ ಹೋದೆ. ಚಿಕ್ಕಮುನಿಯಪ್ಪನ ಹೆಂಡತಿ. ಹುರುಳಿ ಕೇರುತ್ತಿದ್ದಳು. ಮಸಿ ಹಚ್ಚಿಸಿಕೊಂಡಳು. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಏನ್ ಬರ್ದಿದ್ದೀಯೋ ಓದಪ್ಪ. ಕೇಳಿ ಒತ್ತೀನಿ."

ಓದಿದೆ. ಮೇಸ್ತ್ರಿಯ ಹೆಸರಿನ ತನಕ ಓದಿದೆ. ಹಾಳೆ ಕೆಳಗಿಟ್ಟು ನಡೆದದ್ದು ಹೇಳಿದೆ. ಅಳು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು, ಅದನ್ನೇ ನೋಡುತ್ತ ಹೇಳಿದೆ.

ಮತ್ತೆ ಮೊರ ತೆಗೆದುಕೊಂಡು ಹುರುಳಿ ಕೇರಿದಳು.

"ನಂಗೂ ಅರ್ಧ ಸೀಸೆ ತಂದಿದ್ದ. 'ಕುಡಿಯಮ್ಮಿ, ಬೂತ' ಅಂದ. ನಾನೂ ನಕ್ಕೆ." ಆಮೇಲೆ, "ನನ್ ಗಂಡ ನಿನ್ ಮಾತ್ ನಂಬ್ದ, ಹೋದ. ಮೇಸ್ತ್ರಿ ಹೆಂಡ್ರು ಮಕ್ಳು ಏನ್ ಮಾಡಿದ್ರಪ್ಪ ನಿಂಗೆ?"

ಹೆಬ್ಬೆರಳ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು.

28 ಮಾರ್ಚ್

ಇನ್‌ಸ್ಪೆಕ್ಟರ್ ತಮಿಳಿನವರು. ನಾನು ಸೋಡಾದ ವಿಷಯ ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡರು. "ಎಳುದಿ ಕುಡು" ಎಂದರು. ಬರೆದು ಕೊಟ್ಟೆ. ಈ ಸಲ ಅಕ್ಷರ ದುಂಡಗೆ ಬರಲಿಲ್ಲ. ಓದಿ, ಕನ್ನಡಕ ತೆಗೆದು ನನ್ನ ವಯಸ್ಸು ಕೇಳಿದರು. ಇಪ್ಪತ್ತೆರಡು ಎಂದೆ.

ಹೊರಗೆ ಪಾಪಯ್ಯ ದಾರಿಗೆ ಉಗಿದು ಹೋದ. ಮೇಸ್ತ್ರಿ ಬೆಂಚಿನಲ್ಲಿ ಕೂತಿದ್ದರು. ಅವರ ಹತ್ತಿರ ಹೋಗಲಿಲ್ಲ.

17 ಏಪ್ರಿಲ್

ನನಗೆ ಶಿಕ್ಷೆ ಇಲ್ಲ. ಕಾನೂನಿನಲ್ಲಿ ಮಾತಿಗೆ ಕಲಮು ಇಲ್ಲವಂತೆ. ಕೆಲಸದಿಂದ ಮಾತ್ರ ತೆಗೆದರು. ಸಂಘವೂ ತೆಗೆದಿದೆ. ಇಪ್ಪತ್ತು ದಿನ ಏನೂ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇವತ್ತು ಮೇಸ್ತ್ರಿ ನನ್ನ ಮನೆಗೇ ಬಂದರು. ಜಗಲಿಯ ಮೇಲೆ ಕೂತು ನೀರು ಕುಡಿದರು.

"ನಾಟ್ರಾಂಪಾಳ್ಯದಿಂದ ಹೊಸಬ್ರು ನಾಕ್ ಜನ ಬಂದವ್ರೆ. ನಾನ್ ಹೇಳಿದ್ರೆ ಮೇಸ್ತ್ರಿ ಬೈಗುಳ ಅಂತ ಕಿವೀಗೆ ಹಾಕ್ಕಳಾಕಿಲ್ಲ. ನೀನ್ ಬಂದು ಹೇಳಯ್ಯ. ನಡ್ದಿದ್ ನಡ್ದಂಗೇ."

"ನಾನು ಹೇಳಬಾರದು" ಎಂದೆ.

"ನೀನೇ ಹೇಳ್ಬೇಕು. ಏಳು."

18 ಏಪ್ರಿಲ್, ಬೆಳಿಗ್ಗೆ

ಹೇಳಿ ಬಂದೆ. ನಾಲ್ವರೂ ನೆಲದ ಮೇಲೆ ಕೂತಿದ್ದರು. ಒಬ್ಬ ಕೈಮುಗಿದ. ಕೈ ಇಳಿಸು ಎಂದೆ. ಗಾಳಿ ಹೇಗೆ ತಳದಲ್ಲಿ ಮಲಗುತ್ತದೆ, ಎಷ್ಟು ಹೊತ್ತು ಹೋಗದೆ ಉಳಿಯುತ್ತದೆ, ನಾನು ಯಾರಿಗೆ ಏನು ಹೇಳಿದ್ದೆ, ಅವನು ಎಷ್ಟು ಬೇಗ ಕೂತ — ಎಲ್ಲ. ಅವರಿಂದಲೇ ಒಬ್ಬೊಬ್ಬರಾಗಿ ಮತ್ತೆ ಹೇಳಿಸಿದೆ. ಮೂವರು ಹೇಳಿದರು. ನಾಲ್ಕನೆಯವನು ಹೇಳಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಇಷ್ಟೆಲ್ಲಾ ಗೊತ್ತೈತಲ್ಲ ಸಾಮಿ. ಅದ್ರೊಳಕ್ಕೆ ನೀವು ಎಷ್ಟು ಸಲ ಇಳ್ದಿದ್ದೀರಾ?"

ಮೇಸ್ತ್ರಿ ಬೇರೆ ಕಡೆ ನೋಡಿದರು.

ಇಲ್ಲ ಎಂದೆ. ಕಾರ್ಖಾನೆಯಲ್ಲಿದ್ದ ಎರಡು ವರ್ಷದಲ್ಲಿ ಒಂದು ಸಲವೂ ಇಳಿದಿಲ್ಲ.