ಏಳನೇ ಗೋಡೆಯ ಫೋಟೋ

ಮಾರ್ಚ್ 3, ಬೆಳಿಗ್ಗೆ 10.20

ಆರು ಗೋಡೆಚಿತ್ರದ ಫೋಟೋ ಮುಗೀತು. ಇನ್ನು ಐದು. ಗಡಿಯಾರದ ಗೋಪುರದ ಹಿಂದಿನ ಮೀನಿನ ಚಿತ್ರಕ್ಕೆ ಉದ್ದದ ಲೆನ್ಸೇ ಬೇಕಾಯ್ತು. ಹತ್ತಿರ ಹೋದರೆ ಕಂಬಗಳು ಅಡ್ಡ. ಕಮಾನಿನ ಒಳಗಿನ ಎರಡಕ್ಕೆ ಐವತ್ತು ಎಂ.ಎಂ. ಲೆನ್ಸ್ ಸಾಕು. ಚೌಕದ ಕಲ್ಲುಹಾಸು ಉಬ್ಬುತಗ್ಗು, ಟ್ರೈಪಾಡ್ ಕುಡಿದವರ ಹಾಗೆ ವಾಲುತ್ತೆ. ಒಂದು ಕಾಲಿಗೆ ಮಡಚಿದ ಬಸ್ ಟಿಕೆಟ್ ಕೊಟ್ಟು ನಿಲ್ಲಿಸಿದೆ.

ನಗರಸಭೆಯ ಗುಮಾಸ್ತರು ನಿನ್ನೆ ಮತ್ತೆ ಹೇಳಿದರು — ಹನ್ನೊಂದರಲ್ಲಿ ನಾಲ್ಕೇ ಉಳಿಯೋದು. ಮಿಕ್ಕಿದ್ದಕ್ಕೆಲ್ಲ ಬಣ್ಣ ಬಳೀತಾರೆ. ಹಳೇ ಚೌಕ ಹಳೇದರ ಹಾಗೇ ಕಾಣಬೇಕಂತೆ. ಆಯ್ಕೆ ಮಾಡೋರು ಐದು ಜನ, ಎಲ್ಲ ಹೊರಗಿನವರು. ಯಾರೂ ಬಂದು ನೋಡಲ್ಲ.

"ನಿಮ್ಮ ಫೋಟೋನೇ ಅವರಿಗೆ ಗೋಡೆ, ಮೇಡಂ," ಅಂದರು.

ಏಳನೇದು ಅಕ್ಕ ಬಿಡಿಸಿದ್ದು. ಎರಡು ದಿನದಿಂದ ಸುತ್ತಿ ಬಳಸಿ ಹೋಗ್ತಿದೀನಿ.

ಮಾರ್ಚ್ 5, ಬೆಳಿಗ್ಗೆ 8.00

ಹೋದೆ. ಮೂರು ಮಹಡಿ ಎತ್ತರಕ್ಕೆ ಅಮ್ಮ.

ನಾನು ತೆಗೆದ ಫೋಟೋನೇ ನೋಡಿ ಬಿಡಿಸಿದ್ದು. ಅಮ್ಮನ ಕೊನೇ ಚಳಿಗಾಲ, ಕಿಟಕಿ ಪಕ್ಕ, ಎಂಬತ್ತೈದರ ಲೆನ್ಸಲ್ಲಿ ತೆಗೆದದ್ದು. ಆಗ ತಾನೇ ಅವಳ ತಲೆ ಬಾಚಿ ಮುಗಿಸಿದ್ದೆ. ಸಾಕು ನಿನ್ನ ಕ್ಯಾಮೆರಾ ಅನ್ನೋ ಥರ ಓರೆಗಣ್ಣಲ್ಲಿ ನೋಡಿದ್ದಳು. ನಾನೇ ಅಕ್ಕನಿಗೆ ಕಳಿಸಿದ್ದೆ, ಒಂದ್ಸಲ ಬಾ ಅಂತ. ಬರಲಿಲ್ಲ. ಫೋಟೋ ಮಾತ್ರ ಇಟ್ಟುಕೊಂಡಳು. ಈಗ ಗೋಡೆ ತುಂಬ ಬಿಡಿಸಿದಾಳೆ. ಒಂದು ಮಾತು ಕೇಳಿಲ್ಲ.

ಮೂಗಿನಲ್ಲಿದ್ದ ಊಟದ ಪೈಪು ಮಾಯ. ಕೆನ್ನೆಗೆ ಅಂಟಿಸಿದ್ದ ಪ್ಲಾಸ್ಟರ್ ಮಾಯ. ಹೆಗಲ ಮೇಲೆ ಎರಡು ಹಕ್ಕಿ ಕೂತಿವೆ. ಆ ಪೈಪಲ್ಲಿ ದಿನಕ್ಕೆ ಆರು ಸಲ ಸೋಸಿದ ಊಟ ಬಿಟ್ಟವಳು ನಾನು. ಮದುವೆ ಮನೆಗೂ ಹೋಗದೆ, ಬಂದ ಕೆಲಸ ಎಲ್ಲ ಬೇಡ ಅಂದು, ಮೂರು ವರ್ಷ. ಅಷ್ಟನ್ನೂ ಕುಂಚದಲ್ಲಿ ಒರೆಸಿಹಾಕಿದಾಳೆ.

ಪೇಪರ್ ಮಾರೋ ಹೆಂಗಸು ಪಕ್ಕ ಬಂದು ನಿಂತಳು. "ಬಿಡಿಸಿದವರ ತಾಯಿಯಂತೆ. ಎಂಥ ಮಗಳು ನೋಡಿ. ಹೆತ್ತರೆ ಇಂಥವರನ್ನ ಹೆರಬೇಕು."

"ಹೌದು," ಅಂದೆ.

ಕ್ಯಾಮೆರಾ ಚೀಲದಿಂದ ಆಚೆ ಬರಲೇ ಇಲ್ಲ.

ಮಾರ್ಚ್ 6, ಮಧ್ಯಾಹ್ನ 2.15

ಈ ಗೋಡೆಗೆ ಸರಿಯಾದ ಜಾಗ ಯಾವುದು ಅಂತ ಗೊತ್ತು. ಎದುರಿನ ಲೈಬ್ರರಿ, ಎರಡನೇ ಮಹಡಿ ವರಾಂಡ. ಎಂಬತ್ತೈದು. ಬೆಳಿಗ್ಗೆ ಏಳೂಕಾಲು, ಬಿಸಿಲು ಓರೆಯಾಗಿ ಬೀಳೋ ಹೊತ್ತು. ಕಣ್ಣು ಮುಚ್ಚಿಕೊಂಡು ತೆಗೆದರೂ ಚೆನ್ನಾಗಿ ಬರುತ್ತೆ.

ಹತ್ತಲಿಲ್ಲ.

ಸುಡು ಮಧ್ಯಾಹ್ನ ಹೋದೆ. ಇಪ್ಪತ್ನಾಲ್ಕರ ಲೆನ್ಸ್ ಹಾಕಿದೆ. ಗೋಡೆ ಬುಡಕ್ಕೇ ಹೋಗಿ ಮಂಡಿಯೂರಿ ಮೇಲಕ್ಕೆ ತಿರುಗಿಸಿದೆ. ಅಗಲದ ಲೆನ್ಸಿಗೆ ದಯೆ ದಾಕ್ಷಿಣ್ಯ ಇಲ್ಲ. ಹತ್ತಿರದ್ದನ್ನ ಊದಿಸುತ್ತೆ, ದೂರದ್ದನ್ನ ಕುಗ್ಗಿಸುತ್ತೆ. ಗದ್ದ ಹಂಡೆಯಷ್ಟಾಯ್ತು. ಹಣೆ ಒಂದು ಬೆರಳು. ಕಟ್ಟಡ ಹಿಂದಕ್ಕೆ ಬೀಳೋ ಹಾಗೆ. ಮಳೆನೀರಿನ ಕೊಳವೆ ಸರಿಯಾಗಿ ಕಣ್ಣಿನ ಮೇಲೆ. ಹಕ್ಕಿಗಳು ಗೋಡೆಯ ಕೊಳೆ ಥರ. ಸಾಮಾನಿನ ಲಾರಿ ಒಂದು ಬರ್ತಿತ್ತು, ಅದೂ ಇರಲಿ ಅಂತ ಕಾದು ತೆಗೆದೆ.

ಇದು ಅಮ್ಮ ಅಲ್ಲ, ಅಕ್ಕನ ಗೋಡೆ. ಹಾಗಂತ ಮೂರು ಸಲ ಹೇಳಿಕೊಂಡೆ.

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 11, ಬೆಳಿಗ್ಗೆ 11.00

ಗುಮಾಸ್ತರ ಫೋನು.

"ಮೇಡಂ, ಹತ್ತೂ ಚೆನ್ನಾಗಿವೆ. ಏಳನೇದೊಂದು ಯಾಕೋ… ನಾನು ದಿನಾ ಅಲ್ಲೇ ಬಸ್ ಇಳಿಯೋದು. ಅದು ಹಾಗಿಲ್ಲ. ಇನ್ನೊಂದ್ಸಲ ತೆಗೀತೀರಾ? ಶುಕ್ರವಾರದವರೆಗೂ ಟೈಮಿದೆ."

"ಗೋಡೆ ಇರೋದೇ ಹಾಗೆ ಸರ್. ಜಾಗ ಇಕ್ಕಟ್ಟು."

"ಸರಿ ಬಿಡಿ. ನಿಮಗೆ ಗೊತ್ತಿರೋವಷ್ಟು ನನಗೆ ಗೊತ್ತಾ."

ಒಳ್ಳೇ ಮನುಷ್ಯ. ಅದೇ ಚುಚ್ಚಿತು. ಶುಕ್ರವಾರ ಬರಲಿ, ಹೋಗಲಿ.

ಮಾರ್ಚ್ 20, ಸಂಜೆ 5.00

ಪಟ್ಟಿ ಬಂತು. ಮೀನು ಉಳೀತು. ಏಳನೇದಿಲ್ಲ.

ಅಕ್ಕನ ಫೋನು. ಅಮ್ಮ ಹೋದಮೇಲೆ ಇದೇ ಮೊದಲು.

"ಪುಟ್ಟಿ, ಅಮ್ಮನ್ನ ಅಳಿಸ್ತಾರಂತೆ ಕಣೇ." ಬಿಕ್ಕಿ ಬಿಕ್ಕಿ ಅತ್ತಳು. "ಫೋಟೋ ನೀನು ತೆಗ್ದಿದ್ದಂತಲ್ಲ. ನೀನು ಚೆನ್ನಾಗೇ ತೆಗ್ದಿರ್ತೀಯ. ಆ ಐದು ಜನಕ್ಕೆ ಕಣ್ಣಿಲ್ಲ, ಅಷ್ಟೆ."

ಸಕ್ಕರೆ ತಿಂದ ಹಾಗಾಗಬೇಕಿತ್ತು. ಆಗಲಿಲ್ಲ. ಯಾರೋ ಹೊರಗಿನವರು ಅಳಿಸಿದರು ಅಂದುಕೊಂಡು ಅತ್ತರೆ ನಾನು ಮಾಡಿದ್ದು ಏನು ಬಂತು? ಅವಳಿಗೆ ಗೊತ್ತಾಗಬೇಕು.

5.40

ಫೋಟೋ ಕಳಿಸಿದೆ. ಕೆಳಗೆ ಒಂದೇ ಸಾಲು — 'ಇದನ್ನೇ ಕೊಟ್ಟಿದ್ದು. ಚೆನ್ನಾಗಿ ತೆಗೆಯೋಕೂ ಬರ್ತಿತ್ತು.'

ನೋಡಿದಾಳೆ. ಉತ್ತರ ಇಲ್ಲ.

ಮಾರ್ಚ್ 21

ಇಲ್ಲ.

ಮಾರ್ಚ್ 22

ಇಲ್ಲ. ಲೆನ್ಸ್ ಎಲ್ಲ ಒರೆಸಿಟ್ಟೆ. ಎರಡೆರಡು ಸಲ.

ಮಾರ್ಚ್ 29, ಸಂಜೆ 6.10

ಇವತ್ತು ಬಳಿದರು. ಬಳಿದ ಮೇಲಿನ ಫೋಟೋ ಕಡತಕ್ಕೆ ಬೇಕು ಅಂತ ಗುಮಾಸ್ತರು ನನ್ನನ್ನೇ ಕಳಿಸಿದ್ದು. ಕಮಾನಿನ ಕೆಳಗೆ ಅಕ್ಕ ನಿಂತಿದ್ದಳು. ಇಳಿದುಹೋಗಿದಾಳೆ. ಪಕ್ಕ ಹೋಗಿ ನಿಂತೆ. ಬಣ್ಣದವರಿಬ್ಬರು ಮೇಲಿಂದ ಶುರು ಮಾಡಿದ್ದರು.

"ಬೇಕಂತಲೇ ಮಾಡಿದ್ಯಾ?"

"ಹೂಂ."

"ಯಾಕೆ ಅಂತ ಕೇಳಲ್ಲ ಬಿಡು."

"ಕೇಳು," ಅಂದೆ. "ಮೂರು ವರ್ಷ ತಲೆ ಹಾಕಲಿಲ್ಲ. ಈಗ ಪೈಪು ಕಿತ್ತು ಹಕ್ಕಿ ಕೂರಿಸಿಬಿಟ್ಟರೆ ಮಗಳಾಗಿಬಿಡ್ತೀಯಾ?"

ಗೋಡೆಯ ಮೇಲೆ ಅಮ್ಮನ ಹಣೆ ಹೋಯ್ತು. ರೋಲರ್ ಹುಬ್ಬಿಗೆ ಬಂತು.

"ಪೈಪು ನೋಡೋಕಾಗಲಿಲ್ಲ. ಅದು ನನ್ನ ಹೇಡಿತನ, ಒಪ್ತೀನಿ," ಅಂದಳು ಮೆಲ್ಲಗೆ. "ಆದ್ರೆ ಎಷ್ಟು ಸಲ ಫೋನ್ ಮಾಡಿದೀನಿ ಹೇಳು. ಮಾಡಿದಾಗೆಲ್ಲ ಅಮ್ಮ ಮಲಗಿದಾಳೆ ಅಂದೆ. ಒಂದ್ಸಲಾನಾದ್ರೂ ಅವಳ ಕಿವಿಗೆ ಹಿಡಿದ್ಯಾ?"

ಮಲಗಿದ್ದದ್ದು ನಿಜ. ಕೆಲವು ಸಲ.

"ಫೋನಲ್ಲಿ ಮೈ ಒರೆಸೋಕಾಗಲ್ಲ," ಅಂದೆ.

ಗೋಡೆಯ ಮೇಲಿನ ಕಣ್ಣು ಎರಡೂ ಹೋಗೋವರೆಗೆ ಅಕ್ಕ ನಿಂತಿದ್ದಳು. ಆಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು ಹೊರಟಳು, ಹಿಂದೆ ತಿರುಗಿ ನೋಡದೆ. ನಾನು ಪೂರ್ತಿ ಆಗೋವರೆಗೆ ಕಲ್ಲುಬೆಂಚಿನ ಮೇಲೆ ಕೂತೆ. ಐವತ್ತರ ಲೆನ್ಸಲ್ಲಿ ತೆಗೆದೆ. ಬೋಳು ಗೋಡೆ. ಅಚ್ಚುಕಟ್ಟಾಗಿ ಬಂತು.

6.35

ಅಕ್ಕನ ಮೆಸೇಜ್. 'ಒಂದೇ ಒಂದು ಕೇಳ್ತೀನಿ. ನಿಜ ಹೇಳು. ಅಮ್ಮ ಯಾವತ್ತಾದರೂ ನನ್ನ ಕೇಳಿದ್ಳಾ?'

ಕೇಳ್ತಿದ್ದಳು. ದಿನಾ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದಾದರೆ ಸಾಕು, ಬಂದಳಾ ಅನ್ನೋಳು. ಕೊನೇ ತಿಂಗಳು ನನ್ನನ್ನೇ ಅಕ್ಕನ ಹೆಸರು ಹಿಡಿದು ಕರೀತಿದ್ದಳು. ನಾನು ಓಗೊಡ್ತಿದ್ದೆ. ಏನು ಮಾಡಲಿ, ಕೈಯಲ್ಲಿ ಊಟದ ಬಟ್ಟಲು ಇರ್ತಿತ್ತು. ನನ್ನ ಹೆಸರು ಆ ಬಾಯಲ್ಲಿ ಮತ್ತೆ ಬರಲೇ ಇಲ್ಲ.

6.50

'ಇಲ್ಲ' ಅಂತ ಬರೆದೆ. ಕಳಿಸಿದೆ.

ನೋಡಿದಳು. ಏನೋ ಟೈಪ್ ಮಾಡ್ತಿದಾಳೆ. ನಿಂತಿತು. ಮತ್ತೆ ಶುರು… ನಿಂತಿತು.

ಫೋನು ಕೈಯಲ್ಲೇ ಇದೆ. ಅವಳು ತಿರುಗಿ ಒಂದು ಮಾತು ಅಂದರೆ ನಾನು, ದಿನಾ ಕೇಳ್ತಿದ್ದಳು ಅಂತ —