ಮೋಹಿತನ ಎಡಗೈ

ಸೀತೂರು, ಅಕ್ಟೋಬರ್ 2004

ಅಪ್ಪಾ, ಸಾರಿ. ತೀರಿಕೊಂಡವರಿಗೆ ಪತ್ರ ಬರೆಯುವುದು ಹುಚ್ಚು ಅಂತ ಗೊತ್ತು. ಆದರೆ ಇದನ್ನು ಬೇರೆ ಯಾರಿಗೂ ಹೇಳಲಾರೆ.

ಕೊಪ್ಪದ ಕಾಲೇಜಿಗೆ ರಜೆ. ಇವತ್ತು ಮೊದಲ ಸಲ ನೀನು ಗಡಿಗೆ ಮಾಡುತ್ತಿದ್ದ ತಿಗರಿಯ ಮುಂದೆ ಕೂತೆ. ಕಲಿಸಿದವನು ಚಿಕ್ಕಪ್ಪನ ಮಗ ಮೋಹಿತ್. ಬಲಗೈಯಲ್ಲಿ ಎಷ್ಟು ಒತ್ತಿದರೂ ತಿರುಗುವ ಮಣ್ಣು ಸೆಂಟರಿಗೆ ನಿಲ್ಲಲೇ ಇಲ್ಲ.

"ಮಣ್ಣಿಗೆ ಇಂಗ್ಲಿಷಲ್ಲಿ ಹೇಳ್ತಿದ್ದೀಯೇನೆ ಮಾರಾಯ್ತಿ?" ಎಂದು ನಕ್ಕು, ತಾನೇ ಕೂತು ಒಂದು ಗಡಿಗೆ ಎತ್ತಿ ತೋರಿಸಿದ. ಅದರ ಬಾಯಿ ತಿದ್ದಿದ್ದು ಎಡಗೈಯಲ್ಲಿ. ಅವನು ಉಣ್ಣುವುದು, ಬರೆಯುವುದು ಎಲ್ಲ ಬಲಗೈಯಲ್ಲಿ.

"ಇದಕ್ಕೆ ಮಾತ್ರ ಯಾಕೆ ಎಡಗೈ?"

"ದೊಡ್ಡಪ್ಪ ಕೈ ಹಿಡ್ದು ಕಲ್ಸಿದ್ದೇ ಹಿಂಗೆ. ಬಲಗೈಲಿ ನಂಗೆ ಬರದೇ ಇಲ್ಲ."

ಅಪ್ಪಾ, ನಿನ್ನ ಹಾಗೆ ಎಡಚಳಾಗಿ ಹುಟ್ಟಿದ್ದು ನಾನು. ಚಿಕ್ಕವಳಿದ್ದಾಗ ಸ್ಕೂಲ್ ಹಾಸ್ಟೆಲಿನಲ್ಲಿ ಮಿಸ್ ಸ್ಕೇಲಿನಿಂದ ಬೆರಳಿಗೆ ಹೊಡೆದು ಅದನ್ನು ಬಿಡಿಸಿದರು. ಮನೆಗೆ ಬಂದಾಗ ಬಲಗೈಯಲ್ಲಿ ಬರೆದು ತೋರಿಸಿದ್ದೆ. ಅಕ್ಷರ ಚೆನ್ನಾಗಿದೆ ಅಂದೆ ನೀನು.

ಮೋಹಿತ್ ನೀರು ತರಲು ಹೋದಾಗ ಅವನ ಗಡಿಗೆಯನ್ನು ಮುಷ್ಟಿಯಿಂದ ಅಮುಕಿ ಮುದ್ದೆ ಮಾಡಿದೆ. ಬಂದವನು ನೋಡಿದ, ಬೈಯಲಿಲ್ಲ.

"ಹಸಿ ಮಣ್ಣಲ್ವ, ಮತ್ತೆ ಮಾಡಿದ್ರಾತು. ಎಡಗೈ ಕೊಡಿಲ್ಲಿ."

ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿದ. ಮಣ್ಣು ಅಲ್ಲಾಡದೆ ನಿಂತಿತು. ನನಗೆ ಖುಷಿಯಾಗಲಿಲ್ಲ. ಅವನು ನಿನ್ನ ಹಾಗೇ ಒತ್ತಿದನೋ, ನೀನು ಇನ್ನೂ ಮೆತ್ತಗೆ ಒತ್ತುತ್ತಿದ್ದೆಯೋ ನನಗೆ ಗೊತ್ತಿಲ್ಲ. ಅವನನ್ನು ಕೇಳಲು ಮನಸ್ಸಿಲ್ಲ.

ನೀನೇ ಹೇಳು. ಬೇಗ ಉತ್ತರ ಬರಿ.