ನಿನಗೆ ಕೊಡದ ಮೂರು ನಿಮಿಷ

ಥೋರ್ವಾಲ್ಡ್ ಅಣ್ಣಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಈ ಕಾಗದ ಹಾಕಲು ಅಂಚೆಪೆಟ್ಟಿಗೆಯಿಲ್ಲ. ಆದರೂ ಸುದ್ದಿ ನಿನಗೇ ಸೇರಬೇಕಾದದ್ದು. ಹೊಳೆದಂಡೆಯ ಹುಲ್ಲುಗಾವಲುಗಳನ್ನು ಐದೈದು ಎಕರೆಯಾಗಿ ತುಂಡು ಮಾಡಿ ಮನೆ ಕಟ್ಟಲು ಬಿಡಬೇಕೇ ಎಂದು ನಿನ್ನೆ ಕೌಂಟಿ ಕಚೇರಿಯಲ್ಲಿ ಸಭೆ ಕರೆದು ಜನರನ್ನು ಕೇಳಿದರು.

ನಿಯಮ ಈಗಲೂ ಅದೇ. ಒಬ್ಬರಿಗೆ ಮಾತಾಡಲು ಮೂರು ನಿಮಿಷ, ಆಮೇಲೆ ಗಂಟೆ ಹೊಡೆಯುತ್ತಾರೆ. ನಮ್ಮ ನಿಮಿಷಗಳನ್ನು ಇನ್ನೊಬ್ಬರಿಗೆ ಕೊಡಬಹುದು, ಆದರೆ ಇಬ್ಬರೂ ಅಲ್ಲಿರಬೇಕು. ಅಂದು ಗುಡ್ಡದ ಜಮೀನನ್ನು ಹೀಗೇ ತುಂಡು ಮಾಡುವ ಸಭೆಗೆ ನೀನು ಕರೆದಾಗ ಹೇಳಿದ್ದೂ ಅಷ್ಟೇ: "ನೀನೇನೂ ಮಾತಾಡ್ಬೇಡ ಕಣೇ, ಬಂದು ಕೂತ್ಕೋ ಸಾಕು." ಒಣಹುಲ್ಲು ಕಟ್ಟುವುದಿದೆ ಎಂದು ನಾನು ಮನೆಯಲ್ಲೇ ಉಳಿದೆ. ಗಂಟೆ ಹೊಡೆದಾಗ ನೀನಿನ್ನೂ ಬಾವಿಗಳ ವಿಷಯಕ್ಕೆ ಬಂದಿರಲಿಲ್ಲವಂತೆ. ಈಗ ಗುಡ್ಡದ ಮೇಲೆ ನಲವತ್ತು ಮನೆಗಳಿವೆ. ನಮ್ಮ ಬಾವಿ ಆಗಸ್ಟಿಗೇ ಬತ್ತುತ್ತದೆ.

ಅಂದು ನಿನ್ನ ಪಕ್ಕ ಕೂತಿದ್ದ ವೆಂಡೆಲ್ ನಿನ್ನೆಯೂ ಬಂದಿದ್ದ. "ಏನ್ ಇಂಗಕ್ಕಾ, ಇವತ್ತು ಹುಲ್ಲು ಕಟ್ಟೋದಿಲ್ವಾ?" ಅಂದ.

"ಹೊಲದಲ್ಲೇ ಬಿದ್ದಿದೆ. ಮಳೆ ಬಂದ್ರೆ ಬರ್ಲಿ ಬಿಡು," ಅಂದೆ.

ನನ್ನ ಸರದಿಯಲ್ಲಿ ಬಾವಿಗಳ ವಿಷಯ ಹೇಳಿದೆ. ಎರಡೇ ನಿಮಿಷಕ್ಕೆ ಮುಗಿಯಿತು.

"ಇನ್ನೊಂದ್ ನಿಮಿಷ ಇದೆಯಲ್ಲಮ್ಮಾ, ಯಾರಿಗಾದ್ರೂ ಕೊಡ್ತೀರಾ?" ಎಂದು ಅಧ್ಯಕ್ಷೆ ಕೇಳಿದಳು.

"ನಮ್ಮಣ್ಣನಿಗೆ."

"ಬಂದಿದ್ದಾರಾ ಅವರು?"

"ಇಲ್ಲ."

ಹಾಗೆ ಕೊಡಲು ಬರುವುದಿಲ್ಲ ಎಂದಳು. ಆದರೆ ಮುಂದಿನವರನ್ನು ಕರೆಯದೆ, ಆ ನಿಮಿಷ ಪೂರ್ತಿ ಕಳೆದ ಮೇಲೆಯೇ ಗಂಟೆ ಹೊಡೆದಳು. ಅಲ್ಲಿಯವರೆಗೂ ನಾನು ನಿಂತೇ ಇದ್ದೆ.

ತೀರ್ಮಾನ ಮುಂದಿನ ತಿಂಗಳು. ಹುಲ್ಲು ಪೂರ್ತಿ ನೆನೆದುಹೋಯಿತು.

ನಿನ್ನ ತಂಗಿ,
ಇಂಗಾ